ಸರದಿ ತಪ್ಪಿದ ವರ್ಷ

ಮಳೆ ನಿಂತ ಮಧ್ಯಾಹ್ನ ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿ ನಡೆದರೆ ಶೇಂಗಾ ಹಿಂಡಿಯ ವಾಸನೆ ಮೈಗೆ ಮೆತ್ತಿಕೊಳ್ಳುತ್ತದೆ. ಬೆಚ್ಚಗಿನ, ತುಸು ಸುಟ್ಟಂಥ, ಹೊಟ್ಟೆ ತುಂಬಿದ್ದರೂ ಹಸಿವಾಗಿಸುವ ವಾಸನೆ. ಹೋದ ತಿಂಗಳು ಯಾರದೋ ಮದುವೆಗೆ ಹೋದವಳು, ಬಸ್ಸು ತಡವೆಂದು ಸುಮ್ಮನೆ ಆ ಬೀದಿಗೆ ಹೊಕ್ಕೆ. ನಾನೂ ಪಮ್ಮಿಯೂ ಒಂದು ವರ್ಷ ಬಾಡಿಗೆಗಿದ್ದ ಕೋಣೆ ಅಲ್ಲೇ ಮೂಲೆಯ ಮಹಡಿಯ ಮೇಲಿತ್ತು. ಕಿಟಕಿಗೆ ಈಗ ಬೇರೆ ಬಣ್ಣ ಬಳಿದಿದ್ದಾರೆ. ನಿಂತು ನೋಡುತ್ತಿದ್ದ ಹಾಗೆ ಆ ವಾಸನೆ ಮೂಗಿಗೆ ಬಂತು. ಅದರ ಹಿಂದೆಯೇ ಎದೆಯಲ್ಲಿ ಹಳೆಯದೊಂದು ಉರಿ ಎದ್ದಿತು. ಯಾವುದರ ಉರಿ ಎಂದು ನೆನಪಾಗುವ ಮೊದಲೇ ಉರಿ ಬಂದುಬಿಟ್ಟಿತ್ತು. ಆಮೇಲೆ ನೆನಪಾಯಿತು. ಪಮ್ಮಿ.

ಪ್ರಮೀಳಾ ಅವಳ ಪೂರ್ತಿ ಹೆಸರು. ಇಬ್ಬರೂ ಮೊಳಕಾಲ್ಮೂರಿನ ಒಂದೇ ಬೀದಿಯವರು. ನಮ್ಮ ಮನೆಯ ಮಗ್ಗದ ಸದ್ದು ನಿಂತರೆ ಅವರ ಮನೆಯ ಮಗ್ಗದ ಸದ್ದು ಕೇಳಿಸುವಷ್ಟು ಹತ್ತಿರ. ಒಂದೇ ಶಾಲೆ, ಒಂದೇ ಬೆಂಚು. ಓದಿನಲ್ಲಿ ನಾನು ಹಿಂದೆ ಬಿದ್ದವಳಲ್ಲ. ಆದರೆ ಪಮ್ಮಿ ಇರುವ ತರಗತಿಯಲ್ಲಿ ಎರಡನೆಯವಳಾಗುವುದು ನನ್ನ ಹಣೆಬರಹವಾಗಿತ್ತು. ಅವಳು ರಾತ್ರಿಯೆಲ್ಲ ಕೂತು ಓದುವ ಹುಡುಗಿಯಾಗಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆನೇನೋ. ಅವಳು ಪರೀಕ್ಷೆಯ ಹಿಂದಿನ ಸಂಜೆ ನಮ್ಮ ಮನೆಗೆ ಬಂದು ನನ್ನದೇ ಪುಸ್ತಕ ತೆಗೆದುಕೊಂಡು, ನಮ್ಮವ್ವ ಕೊಟ್ಟ ಮಂಡಕ್ಕಿ ತಿನ್ನುತ್ತಾ ಓದಿ, ಮಾರನೆಯ ದಿನ ನನಗಿಂತ ಚೆನ್ನಾಗಿ ಬರೆದು ಬರುತ್ತಿದ್ದಳು. ಫಲಿತಾಂಶ ಬಂದ ದಿನ ಅವ್ವ ಮೊದಲು ಕೇಳುತ್ತಿದ್ದುದು "ಪಮ್ಮಿಗೆ ಎಷ್ಟು ಬಂತೇ?" ಎಂದು. ಅದರಲ್ಲಿ ಅವಳಿಗೆ ದುರುದ್ದೇಶವೇನೂ ಇರಲಿಲ್ಲ. ಮಳೆ ಬಂತೇ ಎಂದು ಕೇಳಿದ ಹಾಗೆ ಕೇಳುತ್ತಿದ್ದಳು.

ಪಿಯುಸಿ ಆದ ಮೇಲೆ ನಮ್ಮ ದಾರಿಗಳು ಬೇರೆಯಾದವು. ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗಿಗೆ ಹೋದೆ, ಅವಳು ದಾವಣಗೆರೆಯಲ್ಲಿ ಗಣಿತದ ಎಂಎಸ್ಸಿ ಮಾಡಿದಳು. ಆ ಕೆಲವು ವರ್ಷ ನನಗೆ ನೆಮ್ಮದಿಯಾಗಿತ್ತು. ಕಾಲೇಜಿನಲ್ಲಿ ನಾನು ಜಾಣೆಯೆನಿಸಿಕೊಂಡೆ. ನನ್ನ ಬೆಸುಗೆಯ ಕೆಲಸ ನೋಡಲು ಬೇರೆ ವಿಭಾಗದವರು ಬರುತ್ತಿದ್ದರು. ಕುದಾಪುರದಲ್ಲಿ ಕುರಿಗಳ ಮೇಲೆ ನಡೆಯುವ ಒಂದು ಅಧ್ಯಯನಕ್ಕೆ ಎಂಜಿನಿಯರ್ ಬೇಕೆಂದು ಗೊತ್ತಾದಾಗ ಅರ್ಜಿ ಹಾಕಿದೆ, ಸಿಕ್ಕಿತು. ಮನೆಗೆ ಹತ್ತಿರ, ಕೆಲಸ ನನ್ನ ಕೈಗೆ ಒಗ್ಗುವಂಥದ್ದು. ಮುಂಗಾರು ಶುರುವಾಗುವ ಹೊತ್ತಿಗೆ ಕೆಲಸಕ್ಕೆ ಸೇರಿದೆ.

ಕುದಾಪುರದ ಸುತ್ತ ಕಣ್ಣು ಹಾಯಿಸಿದಷ್ಟು ದೂರವೂ ಹುಲ್ಲುಗಾವಲು. ಹಳಬರು ಅದನ್ನು ಕಾವಲು ಎನ್ನುತ್ತಾರೆ. ಈಗ ಅದರಲ್ಲಿ ಒಂದರ ಪಕ್ಕ ಒಂದರಂತೆ ದೊಡ್ಡ ಸಂಸ್ಥೆಗಳ ಗೋಡೆಗಳು ಎದ್ದಿವೆ. ಕುರಿಗಾಹಿಗಳು ಮೊದಲಿನ ಹಾಗೆ ನೇರ ನಡೆಯುವ ಹಾಗಿಲ್ಲ. ಗೋಡೆ ಸುತ್ತಿ, ಹಳ್ಳ ದಾಟಿ, ಶೇಂಗಾ ಹೊಲಗಳ ಅಂಚು ಹಿಡಿದು ಮೇವಿಗೆ ಹೋಗಬೇಕು. ಮಂದೆಗಳು ಈಗ ಎಲ್ಲೆಲ್ಲಿ ಮೇಯುತ್ತವೆ, ಎಷ್ಟು ದೂರ ನಡೆಯುತ್ತವೆ ಎಂದು ತಿಳಿಯುವುದೇ ನಮ್ಮ ಅಧ್ಯಯನ. ನಮಗೆ ಕ್ಯಾಂಪಸ್ಸೇನೂ ಇರಲಿಲ್ಲ. ಊರಿನಲ್ಲಿ ಬಾಡಿಗೆಗೆ ಹಿಡಿದ ಹಳೆಯ ಗೋದಾಮು, ಊರ ನೀರಿನ ಟ್ಯಾಂಕಿನ ಮೇಲೊಂದು ಆಂಟೆನಾ, ಒಂದು ಜೀಪು. ಮುಖ್ಯಸ್ಥರು ಮೃದು ಮಾತಿನ ಹಿರಿಯರು. ನಾವು ಸರ್ ಎಂದಷ್ಟೇ ಕರೆಯುತ್ತಿದ್ದೆವು.

ಕುರಿಯ ಕೊರಳಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ ಕಟ್ಟುತ್ತಿದ್ದೆವು. ಅದು ಆಗಾಗ ತನ್ನ ನಂಬರನ್ನೂ ತಾನಿರುವ ಜಾಗವನ್ನೂ ರೇಡಿಯೊದಲ್ಲಿ ಹೇಳಬೇಕು. ಹೇಳುವುದಷ್ಟೇ ಅದರ ಕೆಲಸ. ಬೇರೆ ಡಬ್ಬಿಯ ಮಾತನ್ನಾಗಲಿ ನಮ್ಮ ಮಾತನ್ನಾಗಲಿ ಕೇಳಿಸಿಕೊಳ್ಳುವ ಭಾಗ ಅದರಲ್ಲಿರಲಿಲ್ಲ. ಅದನ್ನು ಸೇರಿಸಿದರೆ ಬ್ಯಾಟರಿ ಬೇಗ ತೀರುತ್ತದೆ, ಡಬ್ಬಿ ಭಾರವಾಗುತ್ತದೆ. ಹೀಗಾಗಿ ಪಕ್ಕದ ಡಬ್ಬಿ ಮಾತಾಡುತ್ತಿದೆಯೇ ಎಂದು ಯಾವ ಡಬ್ಬಿಗೂ ಗೊತ್ತಾಗುವುದಿಲ್ಲ. ನೀನು ಸ್ವಲ್ಪ ತಡಿ ಎಂದು ನಾವು ಹೇಳಿದರೂ ಅದಕ್ಕೆ ತಲುಪುವುದಿಲ್ಲ. ಎಲ್ಲ ಡಬ್ಬಿಗಳಿಗೂ ಇರುವುದು ಒಂದೇ ಚಾನೆಲ್. ಎರಡು ಒಂದೇ ಕ್ಷಣದಲ್ಲಿ ಮಾತಾಡಿದರೆ ಎರಡೂ ಕಲಸಿಹೋಗಿ ಟ್ಯಾಂಕಿನ ಮೇಲಿನ ರಿಸೀವರಿಗೆ ಬರೀ ಗದ್ದಲ ಸಿಗುತ್ತದೆ.

ನಾನು ಇದಕ್ಕೆ ಸರದಿ ಗೊತ್ತುಮಾಡಿದ್ದೆ. ಪ್ರತಿ ಡಬ್ಬಿಗೂ ತನ್ನದೇ ಒಂದು ಕ್ಷಣ. ಎಲ್ಲದರ ಗಡಿಯಾರವನ್ನೂ ಗೋದಾಮಿನಲ್ಲಿ ಒಂದೇ ಸಮಯಕ್ಕೆ ತಂದು, ಒಂದಾದ ಮೇಲೊಂದು ಮಾತಾಡುವ ಹಾಗೆ ಹೊಂದಿಸಿದೆ. ಮೇಜಿನ ಮೇಲೆ ಸಾಲಾಗಿ ಇಟ್ಟು ಸರ್‌ಗೆ ತೋರಿಸಿದಾಗ ಪರದೆಯ ಮೇಲೆ ನಂಬರುಗಳು ತಪ್ಪದೆ ಒಂದರ ಹಿಂದೊಂದು ಬಂದವು. ಸರ್ "ಬಹಳ ಚೊಕ್ಕಟವಾಗಿದೆ ಭಾರತಿ" ಎಂದರು. ಆ ಮಾತನ್ನು ನಾನು ಎಷ್ಟೋ ದಿನ ಒಳಗೇ ಮೆಲುಕು ಹಾಕಿದೆ.

ಆಷಾಢದ ಗಾಳಿ ಶುರುವಾದಾಗ ಸರ್ ಒಂದು ಬೆಳಿಗ್ಗೆ ಹೇಳಿದರು: "ಲೆಕ್ಕಾಚಾರ ನೋಡಿಕೊಳ್ಳೋಕೆ ಇನ್ನೊಬ್ಬರು ಬರ್ತಿದ್ದಾರೆ. ನಿಮ್ಮ ಊರಿನವರೇ ಅಂತೆ."

ಜೀಪಿನಿಂದ ಪಮ್ಮಿ ಇಳಿದಳು. ಹಾರುವ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಚೀಲ ಹಿಡಿದು, ನನ್ನನ್ನು ನೋಡಿದವಳೇ ಚೀಲ ನೆಲಕ್ಕೆ ಹಾಕಿ ಓಡಿಬಂದು ತಬ್ಬಿಕೊಂಡಳು.

"ನೀನಿದೀಯ ಅಂತ ಗೊತ್ತಾದ್ಮೇಲೇ ಒಪ್ಕೊಂಡಿದ್ದು ಕಣೇ! ಚಳ್ಳಕೆರೇಲಿ ನಿನ್ನ ರೂಮೈತಂತಲ್ಲ, ನಾನೂ ಅಲ್ಲೇ ಬರ್ತೀನಿ."

ನಾನು ನಕ್ಕೆ. ಬಾ ಎಂದೆ. ಬೇರೇನು ಹೇಳಲಿ?

ಹೀಗೆ ಅವಳು ನನ್ನ ಕೋಣೆಗೆ ಬಂದಳು. ನನ್ನ ಬಾಚಣಿಗೆ ಅವಳದಾಯಿತು, ನನ್ನ ಚಪ್ಪಲಿಯೂ. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಕುದಾಪುರಕ್ಕೆ, ಸಂಜೆ ಒಂದೇ ಬಸ್ಸಿನಲ್ಲಿ ವಾಪಸು. ನಾನು ಅಷ್ಟು ದಿನ ಓಡಾಡಿದ್ದರೂ ಹೆಸರು ಕೇಳದಿದ್ದ ಕಂಡಕ್ಟರ್ ಎರಡನೆಯ ವಾರಕ್ಕೆ "ಪ್ರಮೀಳಾ ಮೇಡಂ ಬಂದ್ರಾ?" ಎಂದು ಬಸ್ಸು ನಿಲ್ಲಿಸಿಕೊಂಡು ಕಾಯತೊಡಗಿದ. ಶನಿವಾರ ಮೊಳಕಾಲ್ಮೂರಿಗೆ ಹೋದರೆ ಅವ್ವ ಮಗ್ಗದ ಗುಂಡಿಯಿಂದ ತಲೆಯೆತ್ತಿ ನನ್ನ ಹಿಂದೆ ನೋಡುತ್ತಿದ್ದಳು.

"ಪಮ್ಮಿ ಬರ್ಲಿಲ್ಲೇನೇ?"

"ಅವಳಿಗೆ ಅವಳ ಮನೆ ಇಲ್ವೇನವ್ವ?" ಎಂದರೆ, "ಅಯ್ಯೋ, ಕೇಳಿದ್ದಕ್ಕೆ ಯಾಕಿಷ್ಟು ಉರ್ಕೊಂತೀಯ," ಎಂದು ಮತ್ತೆ ಲಾಳಿ ಎಸೆಯುತ್ತಿದ್ದಳು.

ಶ್ರಾವಣದಲ್ಲಿ ಡಬ್ಬಿಗಳನ್ನು ಮಂದೆಗಳಿಗೆ ಕಟ್ಟಿದೆವು. ಮೊದಮೊದಲು ಎಲ್ಲ ಸರಿಯಿತ್ತು. ಆಮೇಲೆ ಒಂದೊಂದೇ ಕುರಿ ಪರದೆಯಿಂದ ಮಾಯವಾಗತೊಡಗಿತು. ಬ್ಯಾಟರಿ ತೀರಿದೆಯೆಂದು ಹಟ್ಟಿಗೆ ಹೋಗಿ ನೋಡಿದರೆ ಡಬ್ಬಿಗೆ ಏನೂ ಆಗಿರಲಿಲ್ಲ. ಬಿಸಿಲಿಗೆ ಕಾದು ಇಬ್ಬನಿಗೆ ತಣಿದು ಅವುಗಳ ಗಡಿಯಾರಗಳು ಕೂದಲೆಳೆಯಷ್ಟು ಹಿಂದುಮುಂದಾಗಿದ್ದವು. ಒಂದರ ಸರದಿ ಇನ್ನೊಂದರ ಸರದಿಯ ಮೇಲೆ ಬಿದ್ದಿತ್ತು. ಒಮ್ಮೆ ಬಿದ್ದರೆ ಮುಗಿಯಿತು. ಪ್ರತಿ ಸುತ್ತಿನಲ್ಲೂ ಅವೆರಡೂ ಅದೇ ಕ್ಷಣಕ್ಕೆ ಒಟ್ಟಿಗೇ ಕೂಗುತ್ತಿದ್ದವು, ದಿನಗಟ್ಟಲೆ ಎರಡೂ ಕೇಳಿಸುತ್ತಿರಲಿಲ್ಲ. ನಾನು ಡಬ್ಬಿಗಳನ್ನು ಬಿಚ್ಚಿ ತಂದು ಗಡಿಯಾರ ಸರಿಮಾಡಿ ಮತ್ತೆ ಕಟ್ಟಿದೆ. ಮತ್ತೆ ಜಾರಿದವು. ಕುರಿಗಾಹಿಗಳಿಗೆ ಬೇಸರ ಬಂತು. ರಾಂಪುರದ ಕಡೆಯಿಂದ ಮದುವೆಯಾಗಿ ಬಂದಿದ್ದ, ಕುರಿಗೆ ಗೊರ್ರೆ ಎನ್ನುತ್ತಾ ಅರ್ಧ ತೆಲುಗು ಬೆರೆಸಿ ಮಾತಾಡುವ ಓಬವ್ವ ಒಂದು ದಿನ ಹೇಳಿಯೇ ಬಿಟ್ಟಳು: "ಏಮಮ್ಮಾ, ಗೊರ್ರೆ ಮೇಯಾಕೆ ಬಿಡ್ತೀಯೋ, ಇಲ್ಲ ದಿನಾ ಹಿಡ್ದು ಕೊರಳು ತಿರುವ್ತೀಯೋ?"

ಪಮ್ಮಿ ಇದನ್ನೆಲ್ಲ ನೋಡುತ್ತಿದ್ದಳು. ಒಂದು ಭಾನುವಾರ ಕೋಣೆಯಲ್ಲಿ ಮಿರ್ಚಿ ತಿನ್ನುತ್ತಾ, ಎಣ್ಣೆಯಾದ ಬೆರಳನ್ನು ನನ್ನ ಟವಲಿಗೇ ಒರೆಸುತ್ತಾ ಕೇಳಿದಳು.

"ಭಾರ್ತಿ, ಅವುಕ್ಕೆ ಸರದಿ ಯಾಕೆ ಬೇಕು?"

"ಸರದಿ ಇಲ್ದಿದ್ರೆ ಒಂದ್ರ ಮೇಲೊಂದು ಬೀಳ್ತಾವೆ."

"ಬೀಳ್ಲಿ ಬಿಡೇ. ಯಾವಾಗ್ಲೂ ಅವೇ ಎರಡು ಬೀಳೋದು ತಾನೇ ತೊಂದ್ರೆ? ಪ್ರತಿ ಸಲಾನೂ ಎಷ್ಟು ಹೊತ್ತು ಬಿಟ್ಟು ಮಾತಾಡ್ಬೇಕು ಅಂತ ಡಬ್ಬಿಗಳೇ ಚೀಟಿ ಎತ್ಲಿ. ಮಾತು ಚಿಕ್ಕದಿರ್ಲಿ. ಅದನ್ನೇ ಒಂದೆರಡು ಸಲ ಜಾಸ್ತಿ ಹೇಳ್ಲಿ. ಈ ಸಲ ಇದ್ರ ಜೊತೆ ಡಿಕ್ಕಿ ಹೊಡೆದ್ರೆ ಮುಂದಿನ ಸಲ ಹೊಡಿಯಲ್ಲ. ಎಷ್ಟು ಕಳೀತಾವೆ ಅಂತ ಲೆಕ್ಕ ಹಾಕ್ಬೋದು, ತಡಿ."

ಮಿರ್ಚಿ ಕಟ್ಟಿತಂದ ಕಾಗದದ ಮೇಲೆಯೇ ಅವಳು ಲೆಕ್ಕ ಹಾಕಿದಳು. ನಾನು ಪಕ್ಕದಲ್ಲಿ ಕೂತು ನೋಡಿದೆ. ಒಂದೊಂದು ಸಾಲೂ ನನಗೆ ಅರ್ಥವಾಗುತ್ತಿತ್ತು, ಅದೇ ಸಂಕಟ. ಅರ್ಥವಾಗದಂಥದ್ದಾಗಿದ್ದರೆ ಅವಳದು ಬೇರೆ ಲೋಕ ಎಂದು ಬಿಟ್ಟುಬಿಡಬಹುದಿತ್ತು. ಇದು ನನಗೂ ಹೊಳೆಯಬಹುದಾಗಿದ್ದ ಮಾತು. ನಾನು ಓದಿದ್ದ ಪುಸ್ತಕದಲ್ಲೇ ಇದರ ಹತ್ತಿರದ ಒಂದು ಪಾಠವಿತ್ತು. ನಾನು ಅಚ್ಚುಕಟ್ಟಿನ ಹಿಂದೆ ಬಿದ್ದಿದ್ದೆ, ಅವಳು ಅಚ್ಚುಕಟ್ಟೇ ಬೇಡ ಎಂದಳು.

ಸೋಮವಾರ ಸರ್‌ಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದು ನಿಂತರು. ನನಗೆ ಚೊಕ್ಕಟ ಎಂದಿದ್ದಾಗ ಕೂತೇ ಇದ್ದರು. ಇಂಥದ್ದೆಲ್ಲ ನನಗೆ ಇವತ್ತಿಗೂ ನೆನಪಿದೆ.

ಡಬ್ಬಿಯೊಳಗಿನ ಪ್ರೋಗ್ರಾಂ ಬದಲಿಸುವ ಕೆಲಸ ನನ್ನದೇ. ಬದಲಿಸಿದೆ. ಮೇಜಿನ ಮೇಲೆ ಸಾಲಾಗಿ ಇಟ್ಟು ಎಲ್ಲವನ್ನೂ ಒಟ್ಟಿಗೇ ಚಾಲು ಮಾಡಿದೆವು. ಪರದೆಯ ಮೇಲೆ ಒಂದು ನಂಬರೂ ಬರಲಿಲ್ಲ. ಬರೀ ಗದ್ದಲ. ಪಮ್ಮಿಯ ಮುಖ ಬಾಡಿತು. ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ನನ್ನೊಳಗೆ ಆಗ ಎದ್ದ ಸಂತೋಷಕ್ಕೆ ಏನು ಹೆಸರಿಡಬೇಕೋ ತಿಳಿಯದು. ಮನೆಯಲ್ಲಿ ದೀಪ ಹಚ್ಚಿದಂತಾಯಿತು.

ಕಾರಣ ನನಗೆ ಸ್ವಲ್ಪ ಹೊತ್ತಿನಲ್ಲೇ ಹೊಳೆಯಿತು. ಎಲ್ಲ ಡಬ್ಬಿಗಳಲ್ಲೂ ಇದ್ದದ್ದು ಒಂದೇ ಪ್ರೋಗ್ರಾಂ, ಎಲ್ಲ ಎಣಿಕೆ ಶುರುಮಾಡಿದ್ದು ಒಂದೇ ಅಂಕೆಯಿಂದ. ಹಾಗಾಗಿ ಎಲ್ಲವೂ ಎತ್ತುತ್ತಿದ್ದುದು ಒಂದೇ ಚೀಟಿ. ಪ್ರತಿಯೊಂದೂ ತನ್ನ ನಂಬರಿನಿಂದ, ತನ್ನೊಳಗಿನ ಬಿಸಿ ಅಳೆಯುವ ಸೆನ್ಸರಿನ ಸಣ್ಣ ಏರಿಳಿತದಿಂದ ಎಣಿಕೆ ಶುರುಮಾಡಿದರೆ ಚೀಟಿಗಳು ಬೇರೆ ಬೇರೆಯಾಗುತ್ತವೆ. ಇದನ್ನು ನಾನು ಸರ್ ಎದುರಿಗೇ, ಬೇಕೆಂದೇ ಸ್ವಲ್ಪ ಗಟ್ಟಿ ದನಿಯಲ್ಲಿ ಹೇಳಿದೆ. ಪಮ್ಮಿ ಕುಗ್ಗುತ್ತಾಳೆ ಎಂದುಕೊಂಡಿದ್ದೆ.

"ಹೌದಲ್ಲೇ!" ಎಂದು ಅವಳು ಹಣೆ ಚಚ್ಚಿಕೊಂಡು ನಕ್ಕಳು. "ಎಂಥಾ ದಡ್ಡಿ ನಾನು! ನೀನಿಲ್ದಿದ್ರೆ ನಾನು ತಿಂಗ್ಳು ಒದ್ದಾಡ್ತಿದ್ದೆ. ಸರ್, ನೋಡಿದ್ರಾ ನಮ್ ಭಾರ್ತಿನ?"

ಅವಳು ಸಿಟ್ಟಾಗಿದ್ದರೆ ನಾನು ಗೆದ್ದೆನೆಂದುಕೊಳ್ಳುತ್ತಿದ್ದೆ. ಅವಳು ಹೊಗಳಿದಳು. ಆ ಹೊಗಳಿಕೆಯೂ ಅವಳಿಗೇ ಶೋಭೆ ತಂದಿತು. ಮಾರನೆಯ ದಿನದಿಂದ ಎಲ್ಲರ ಬಾಯಲ್ಲೂ ಅದು ಪ್ರಮೀಳಾ ಅವರ ಪದ್ಧತಿ.

ಮತ್ತೆ ಕುರಿಗಳಿಗೆ ಕಟ್ಟಿದೆವು. ಈ ಸಲ ಯಾವ ಕುರಿಯೂ ಮಾಯವಾಗಲಿಲ್ಲ. ಒಂದೊಂದು ಮಾತು ಕಳೆಯುತ್ತಿತ್ತು, ಅವಳ ಲೆಕ್ಕದಲ್ಲಿ ಎಷ್ಟು ಕಳೆಯಬೇಕಿತ್ತೋ ಹೆಚ್ಚು ಕಡಿಮೆ ಅಷ್ಟೇ. ಸಂಜೆ ಹೊತ್ತು ಪರದೆಯ ಮೇಲೆ ಚುಕ್ಕಿಗಳು ತಮಗೆ ತೋಚಿದ ಹಾಗೆ ಅಲ್ಲೊಂದು ಇಲ್ಲೊಂದು ಮಿನುಗುವುದನ್ನು ನೋಡುತ್ತಾ ಕೂತರೆ ನನಗೆ ಚೆಂದ ಅನ್ನಿಸುತ್ತಿತ್ತು. ಚೆಂದ ಅನ್ನಿಸಿದ್ದಕ್ಕೆ ಇನ್ನಷ್ಟು ಉರಿಯುತ್ತಿತ್ತು. ಆ ದಿನಗಳಲ್ಲೇ ಸರ್ ಹೇಳಿದರು, ಮುಂದಿನ ವರ್ಷಕ್ಕೆ ಒಂದೇ ಹುದ್ದೆ ಉಳಿಯುವುದು, ನಿಮ್ಮಿಬ್ಬರಲ್ಲಿ ಒಬ್ಬರು. ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ.

ಆ ವರ್ಷ ಮುಂಗಾರು ಕೈಕೊಟ್ಟರೂ ಹಿಂಗಾರು ಸುರಿಯಿತು. ದೀಪಾವಳಿ ಕಳೆದ ಮೇಲೂ ಬಿಡದೆ ಬಂತು. ನಮ್ಮ ಕಡೆ ಹಳ್ಳವೆಂದರೆ ಮರಳು. ಮಕ್ಕಳು ಅದರಲ್ಲಿ ಕ್ರಿಕೆಟ್ ಆಡುತ್ತಾರೆ. ಅಂಥ ಹಳ್ಳದಲ್ಲಿ ಕೆಂಪು ನೀರು ಸದ್ದು ಮಾಡಿಕೊಂಡು ಹರಿಯುವುದನ್ನು ನೋಡಲು ಜನ ಛತ್ರಿ ಹಿಡಿದು ಹೋಗುತ್ತಿದ್ದರು.

ಅಂಥ ಒಂದು ಬೆಳಿಗ್ಗೆ ನಾವು ಗೋದಾಮಿನ ಬೀಗ ತೆಗೆಯುವಾಗ ಓಬವ್ವ ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲೆ ಗೋಣಿ, ಮೈಯೆಲ್ಲ ನೀರು.

"ಅಮ್ಮಾಯೀ, ನಮ್ಮಾಯಪ್ಪ ನಿನ್ನೆ ಗೊರ್ರೆ ಹೊಡ್ಕಂಡು ಹೋದೋನು ಬಂದಿಲ್ಲ. ಗೋಡೆ ಸುತ್ತಿ ಹಳ್ಳದ ಆಕಡೀಗೆ ಹೋಗಿದ್ನಂತೆ. ಫೋನು ಹತ್ತವಲ್ದು. ಊರ ಗಂಡಸ್ರೆಲ್ಲ ದಡದಾಗೆ ನಿಂತವ್ರೆ, ಎತ್ಲಾಗೆ ಹುಡುಕ್ಬೇಕಂತ ಯಾರಿಗೂ ತಿಳೀವಲ್ದು. ನಿಮ್ಮ ಡಬ್ಬಿ ಏನಾನ ಹೇಳ್ತೈತೇನು ನೋಡವ್ವ."

ಅವಳ ಗಂಡ ಪಾಲಯ್ಯ. ಮಾತು ಕಡಿಮೆ, ಕುರಿಗಳೊಡನೆ ಮಾತ್ರ ಹರಟುವ ಮನುಷ್ಯ. ಪಮ್ಮಿ ಆಗಲೇ ಪರದೆಯ ಮುಂದೆ ಕೂತಿದ್ದಳು. ಊರ ಹತ್ತಿರ ಹಟ್ಟಿಗಳಲ್ಲಿ ನಿಂತ ಬೇರೆ ಮಂದೆಗಳೆಲ್ಲ ಜೋರಾಗಿ ಮಾತಾಡುತ್ತಿದ್ದವು. ದೂರಕ್ಕೆ, ಮಳೆಗೆ ದನಿ ಕ್ಷೀಣಿಸಿತ್ತೋ ಏನೋ, ಪಾಲಯ್ಯನ ಮಂದೆಯಿಂದ ಹಿಂದಿನ ಸಂಜೆಯಿಂದ ಏನೂ ಇರಲಿಲ್ಲ. ಓಬವ್ವ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಪರದೆಯನ್ನೇ ನೋಡುತ್ತಿದ್ದಳು. ಅದರಲ್ಲಿ ಏನನ್ನು ನೋಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಟೀ ತರಿಸಿದೆವು, ಅವಳು ಮುಟ್ಟಲಿಲ್ಲ.

ಆಮೇಲೆ ಪಮ್ಮಿ ನನ್ನ ತೋಳು ಹಿಡಿದುಕೊಂಡಳು. ಒಂದು ನಂಬರು ಮಿನುಗಿತ್ತು. ಪಾಲಯ್ಯನ ಮಂದೆಯದು. ಒಂದೇ ಒಂದು ಕುರಿ, ಒಂದೇ ಒಂದು ಸಲ. ನಕ್ಷೆಯಲ್ಲಿ ನೋಡಿದರೆ ಹಳ್ಳ ಎರಡು ಕವಲಾಗುವ ಕಡೆ, ಎರಡರ ನಡುವಿನ ಜಾಲಿ ದಿಬ್ಬ. ಮಳೆಯಿಲ್ಲದಾಗ ಯಾರೂ ಅದನ್ನು ದಿಬ್ಬವೆಂದೂ ಕರೆಯುವುದಿಲ್ಲ.

"ನಾನು ಹೋಗ್ತೀನಿ," ಎಂದೆ.

"ನೀನ್ಯಾಕೆ? ಜಾಗ ಹೇಳಿದ್ರೆ ಗಂಡಸ್ರು ಹೋಗ್ತಾರೆ."

"ಜಾಲಿ ಒತ್ತಾಗೈತೆ. ಅದ್ರೊಳಗೆ ಎಲ್ಲಿ ಅಂತ ಕೈ ಆಂಟೆನಾ ಹಿಡಿದ್ರೇ ಗೊತ್ತಾಗೋದು. ಅದು ನನಗೆ ಬರ್ತೈತೆ, ಬೇರೆ ಯಾರಿಗೂ ಬರಲ್ಲ."

ಹೇಳಿದ್ದು ನಿಜವೇ. ಆದರೆ ಪಾಲಯ್ಯನ ಮೇಲಿನ ಕರುಣೆಯೊಂದೇ ನನ್ನನ್ನು ಎಬ್ಬಿಸಲಿಲ್ಲ. ಆ ಒಂದು ಮಿನುಗು ಪಮ್ಮಿಯದಾಗಿತ್ತು. ಅವಳು ಕೈಹಾಕದ ಏನಾದರೊಂದು ಆ ದಿನ ನನಗೆ ಬೇಕಿತ್ತು.

ಸರ್ ಜೀಪು ಓಡಿಸಿದರು. ದಡದಲ್ಲಿ ಊರಿನವರು ಹಗ್ಗ ಕಟ್ಟಿಕೊಂಡು ಸಿದ್ಧರಾದರು. ಹತ್ತಿರದ ಕವಲಿನಲ್ಲಿ ನೀರು ಸೊಂಟದಷ್ಟಿರಬಹುದು ಎಂದರು, ಇಳಿದರೆ ಎದೆಗೆ ಬಂತು. ನಾನು ಇಬ್ಬರ ನಡುವೆ ಹಗ್ಗ ಹಿಡಿದು, ಆಂಟೆನಾ ತಲೆಯ ಮೇಲೆ ಎತ್ತಿಕೊಂಡು ನಡೆದೆ. ಕಾಲಡಿಯ ಮರಳು ಜಾರುತ್ತಿತ್ತು. ಒಮ್ಮೆ ಪೂರ್ತಿ ಮುಳುಗಿ ಎದ್ದೆ, ಬಾಯಿ ತುಂಬ ಮಣ್ಣು. ಹಿಂದಿನವನು "ಬಿಡ್ಬ್ಯಾಡ್ರೀ ಮೇಡಂ, ಹಗ್ಗ ಬಿಡ್ಬ್ಯಾಡ್ರೀ" ಎಂದು ಕೂಗುತ್ತಲೇ ಇದ್ದ. ಮುಂದಿನವನ ಜೇಬಿನ ಫೋನಿನಿಂದ ಪ್ಲಾಸ್ಟಿಕ್ ಚೀಲದೊಳಗೇ ಪಮ್ಮಿಯ ದನಿ ಬರುತ್ತಿತ್ತು: "ಇನ್ನೊಂದು ಬಂತು! ಬೇರೆ ಕುರಿ, ಅದೇ ಜಾಗ! ಕೇಳ್ತೈತೇನೇ?"

ದಿಬ್ಬ ಹತ್ತಿ ಆಂಟೆನಾ ತಿರುಗಿಸಿದೆ. ಎಡಕ್ಕೆ ಏನಿಲ್ಲ. ಬಲಕ್ಕೆ ತಿರುಗಿಸಿ ಕಾದೆ. ಸರದಿಯಿದ್ದಿದ್ದರೆ ಯಾವಾಗ ಕೇಳುತ್ತದೆಂದು ಗೊತ್ತಿರುತ್ತಿತ್ತು. ಈಗ ಯಾವ ಕ್ಷಣಕ್ಕಾದರೂ ಕೇಳಬಹುದು, ಅದಕ್ಕೇ ಉಸಿರು ಬಿಗಿಹಿಡಿದು ನಿಂತೆ. ಕಿವಿಗೆ ಸಿಕ್ಕಿಸಿದ್ದ ಇಯರ್‌ಫೋನಿನಲ್ಲಿ ಚಿಟ್ ಎಂದಿತು. ಮತ್ತೆ ಚಿಟ್ ಚಿಟ್. ಆ ದಿಕ್ಕಿಗೆ ಮುಳ್ಳು ಸರಿಸಿಕೊಂಡು ನುಗ್ಗಿದೆವು.

ಕುರಿಗಳು ಒಂದಕ್ಕೊಂದು ಒತ್ತಿಕೊಂಡು ಒಂದೇ ಮೈಯಾಗಿ ನಿಂತಿದ್ದವು. ಅವುಗಳ ನಡುವೆ, ಬಿಸುಪಿಗೆಂದೇ ಹಾಗೆ ಹೊಕ್ಕು, ಪಾಲಯ್ಯ ಮಲಗಿದ್ದ. ಒಂದು ಕಾಲು ಮುರಿದು ಊದಿಕೊಂಡಿತ್ತು. ನಮ್ಮನ್ನು ನೋಡಿ ಅವನು ಮೊದಲು ಹೇಳಿದ್ದು, "ಮರಿ ಹೋದ್ವು ಕಣಮ್ಮ, ಒಂದಿಷ್ಟು ಮರಿ ನೀರಿಗೆ ಹೋದ್ವು," ಎಂದು. ಆಮೇಲೆ ಅತ್ತ.

ಅವನನ್ನು ಹೊತ್ತು ದಾಟಿಸಿದರು. ಮಧ್ಯಾಹ್ನ ನೀರು ಇಳಿದ ಮೇಲೆ ಕುರಿಗಳನ್ನೂ ತಂದರು. ದಡದಲ್ಲಿ ಓಬವ್ವ ಗಂಡನ ಮುಖ ಮುಟ್ಟಿ ನೋಡಿ, ಆಮೇಲೆ ನನ್ನ ಕಡೆ ತಿರುಗಿ, ಕೆಸರಾದ ನನ್ನ ಎರಡೂ ಕೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಮುಂದೆ ಕೆಲವು ದಿನ ಕುದಾಪುರದಲ್ಲಿ ನಾನು ಎಲ್ಲಿ ಹೋದರೂ ಜನ ನನ್ನನ್ನು ನಿಲ್ಲಿಸಿ ಆ ಬೆಳಗಿನ ಕಥೆ ಕೇಳುತ್ತಿದ್ದರು. ಕಂಡಕ್ಟರ್ ನನಗಾಗಿಯೂ ಬಸ್ಸು ನಿಲ್ಲಿಸಿದ.

ನಡುವೆ ಒಂದು ಕೆಲಸ ಮಾಡಿದೆ, ಯಾರೂ ಕೇಳದಿದ್ದರೂ. ನನ್ನ ಹಳೆಯ ಸರದಿ ಪದ್ಧತಿಯೇ ಆ ದಿನ ಇದ್ದಿದ್ದರೆ ಏನಾಗುತ್ತಿತ್ತೆಂದು ಗಡಿಯಾರಗಳ ಜಾರಿಕೆಯನ್ನೆಲ್ಲ ಹಾಕಿ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದೆ. ಕೇಳಿಸುತ್ತಿತ್ತು ಎಂದು ಬರಲಿ ಎಂದು ಬಯಸಿದ್ದೆ. ಮೊದಲು ಮಿನುಗಿದ ಆ ಕುರಿಯ ಸರದಿ ಊರ ಪಕ್ಕದ ಹಟ್ಟಿಯಲ್ಲಿ ಗಟ್ಟಿಯಾಗಿ ಕೇಳುವ ಒಂದು ಡಬ್ಬಿಯ ಸರದಿಯ ಮೇಲೇ ಬೀಳುತ್ತಿತ್ತು. ಉಳಿದವೂ ಹಾಗೆಯೇ, ಬೆಳಗಿನಿಂದ ಸಂಜೆಯವರೆಗೂ ಪಾಲಯ್ಯನ ಮಂದೆಯ ಒಂದು ನಂಬರೂ ಇಲ್ಲ. ಕಂಪ್ಯೂಟರ್ ಮುಚ್ಚಿದೆ. ನೀರಿನಲ್ಲಿ ನೆಂದು ನನಗೆ ಜ್ವರ ಬಂದಿತ್ತು. ಕೋಣೆಗೆ ಹೋದರೆ ಪಮ್ಮಿ ಗಂಜಿ ಕಾಯಿಸಿಟ್ಟಿದ್ದಳು. ಉಪ್ಪು ಸರಿಯಾಗಿತ್ತು. ಅದೂ ಸರಿಯಾಗಿತ್ತು.

ಪಾಲಯ್ಯ ಕೋಲೂರಿ ನಡೆಯುವಂತಾದ ಮೇಲೆ ಓಬವ್ವ ನಮ್ಮಿಬ್ಬರನ್ನೂ ಊಟಕ್ಕೆ ಕರೆದಳು. ಮುದ್ದೆ, ಹುರುಳಿ ಸಾರು, ಮೇಲೆ ಬೆಣ್ಣೆ. ಊಟವಾದ ಮೇಲೆ ಹಟ್ಟಿಯಿಂದ ಒಂದು ಹೆಣ್ಣು ಮರಿಯನ್ನು ಎತ್ತಿ ತಂದು ನನ್ನ ತೊಡೆಯ ಮೇಲೆ ಇಟ್ಟಳು. ಕಪ್ಪು ಮೈ, ಒಂದು ಕಿವಿ ಮಾತ್ರ ಬಿಳಿ.

"ಇದು ನಿಂದವ್ವ. ನಮ್ಮ ಮಂದೇಲೆ ಬೆಳೀಲಿ. ಇದ್ರ ಮರಿ, ಮರೀದು ಮರಿ, ಎಲ್ಲಾ ನಿಂದೇ."

ಮರಿ ನನ್ನ ಕೈ ನೆಕ್ಕಿತು. ನಾನು ಪಮ್ಮಿಯ ಕಡೆ ನೋಡಿದೆ. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮಜ್ಜಿಗೆ ಕುಡಿಯದೆ, ಮರಿಯನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಇನ್ನೊಬ್ಬರ ಮುಖದಲ್ಲಿ ಅದನ್ನು ನೋಡಿದ್ದು ಅದೇ ಮೊದಲು.

ಒಂದು ಕ್ಷಣ ಆ ಸುಖವನ್ನು ಪೂರ್ತಿ ಅನುಭವಿಸಿದೆ. ಆಮೇಲೆ ಹೇಳಿದೆ: "ಓಬವ್ವ, ನಿಮ್ಮ ಯಜಮಾನ್ರನ್ನ ಹುಡುಕಿದ್ದು ನಾನಲ್ಲ. ಈಕೆ. ಡಬ್ಬಿ ಹೆಂಗೆ ಮಾತಾಡ್ಬೇಕು ಅಂತ ಈಕೇನೇ ಹೇಳ್ಕೊಟ್ಟಿದ್ದು. ಇಲ್ದಿದ್ರೆ ಅವತ್ತು ಏನೂ ಕೇಳ್ತಿರ್ಲಿಲ್ಲ."

ಓಬವ್ವ ಪಮ್ಮಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಆಯಮ್ಮ ಒಳ್ಳೆ ಅಮ್ಮಾಯಿ, ಇಲ್ಲ ಅನ್ನಲ್ಲ. ಆದ್ರೆ ಆಯಮ್ಮ ಕುರ್ಚಿ ಮ್ಯಾಲೆ ಕುಂತಿದ್ಲು ಕಣವ್ವ, ನಾನೇ ನೋಡಿದ್ನಲ್ಲ. ನೀರಿಗೆ ಇಳಿದೋಳು ನೀನು."

"ಹಂಗಲ್ಲ..."

"ಮರಿ ಕೊಟ್ಟಾಯ್ತು, ಬಿಡು," ಎಂದಳು ಓಬವ್ವ.

ಬಸ್ಸಿಗೆಂದು ಕಾವಲಿನ ಅಂಚಿನಲ್ಲಿ ನಡೆದು ಬರುವಾಗ ಬಿಸಿಲು ಇಳಿಯುತ್ತಿತ್ತು. ಮಳೆ ಕುಡಿದ ಹುಲ್ಲು ಮೊಣಕಾಲಿಗೆ ಬೆಳೆದಿತ್ತು. ದೂರದಲ್ಲಿ ಕೃಷ್ಣಮೃಗಗಳು ಗೋಡೆಯ ನೆರಳಿನಲ್ಲಿ ನಿಂತಿದ್ದವು. ಪಮ್ಮಿ ಹುಲ್ಲಿನ ತೆನೆ ಕಿತ್ತು ಬೆರಳಿಗೆ ಸುತ್ತಿಕೊಳ್ಳುತ್ತಾ ನಡೆಯುತ್ತಿದ್ದಳು.

"ಅರ್ಧ ಮರಿ ನಿಂದು," ಎಂದೆ ನಾನು.

"ಅರ್ಧ ಮರಿ ಅಂದ್ರೆ ಎಂಥದ್ದೇ? ಮುಂದಿಂದೋ, ಹಿಂದಿಂದೋ?" ಎಂದಳು. ಆದರೆ ನಗಲಿಲ್ಲ. ಇನ್ನಷ್ಟು ದೂರ ನಡೆದ ಮೇಲೆ ನಿಂತಳು.

"ಭಾರ್ತಿ, ನನಗೆ ಹೊಟ್ಟೆ ಉರೀತೈತೆ ಕಣೇ. ನೀನು ಒಳಗೆ ನನ್ನ ಹೆಸ್ರು ಹೇಳ್ದೆ ಇದ್ದಿದ್ರೆ ಚೆನ್ನಾಗಿತ್ತು. ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ರೆಡಿಯಾಗಿ ಕುಂತಿದ್ದೆ. ಅದನ್ನೂ ಕಿತ್ಕೊಂಡೆ ನೀನು. ಎಲ್ರೂ ನಿನ್ನೇ ಕೇಳ್ತಾರೆ. ಆ ಮರೀನ ನೋಡಿದ್ರೆ ಅಳು ಬರ್ತೈತೆ."

ಇಷ್ಟು ಹೇಳಿ ಅವಳು ಮೂಗು ಒರೆಸಿಕೊಂಡು, ಹಗುರಾಗಿ, ಮತ್ತೆ ನಡೆಯತೊಡಗಿದಳು. ನಾನು ನಿಂತಲ್ಲೇ ನಿಂತಿದ್ದೆ. ಶಾಲೆಯ ಬೆಂಚಿನಿಂದ ಹಿಡಿದು ಅಷ್ಟು ವರ್ಷ ನನ್ನ ಗಂಟಲಿನಿಂದ ಹೊರಗೆ ಬಾರದ ಮಾತನ್ನು ಅವಳು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದಳು. ಹೊಟ್ಟೆಕಿಚ್ಚನ್ನು ಕೂಡ ಅವಳು ನನಗಿಂತ ಚೆನ್ನಾಗಿ ಪಡುತ್ತಿದ್ದಳು.

ಓಡಿಹೋಗಿ ಅವಳ ಪಕ್ಕ ಸೇರಿಕೊಂಡು "ಪಮ್ಮಿ, ನನಗೂ..." ಎಂದೆ.

"ಗೊತ್ತು ಬಿಡೇ," ಎಂದಳು. "ಬಸ್ ಬಂತು, ಓಡು."

ಎಂದಿನಿಂದ ಗೊತ್ತು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ವರ್ಷದ ಕೊನೆಗೆ ಸರ್ ಅವಳನ್ನೇ ಕರೆದು ಹುದ್ದೆ ಕೊಡುತ್ತೇನೆಂದರು. ಅವಳಿಗೆ ಅಷ್ಟರಲ್ಲಿ ಪುಣೆಯಲ್ಲಿ ಸಂಶೋಧನೆಗೆ ಸೀಟು ಸಿಕ್ಕಿತ್ತು. ಬೇಡವೆಂದು ಹೋದಳು. ಅವಳು ಬೇಡವೆಂದ ಕುರ್ಚಿಯಲ್ಲಿ ನಾನು ಕೂತೆ. ಅಧ್ಯಯನ ಮುಗಿಯುವವರೆಗೂ ಕೂತೆ, ಕೆಲಸವನ್ನೂ ಚೆನ್ನಾಗಿ ಮಾಡಿದೆ. ಮಳೆಗಾಲದಲ್ಲಿ ಎರಡು ಸಲ ದಾರಿ ತಪ್ಪಿದ ಮಂದೆಗಳನ್ನು ಹುಡುಕಿ ಕೊಟ್ಟೆವು. ಜನ ಈಗಲೂ ಅದನ್ನು ಭಾರತಿ ಮೇಡಂ ಡಬ್ಬಿ ಎನ್ನುತ್ತಾರೆ. ನಾನು ಮೊದಲು ತಿದ್ದುತ್ತಿದ್ದೆ, ಆಮೇಲೆ ಬಿಟ್ಟೆ. ಈಗ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತೇನೆ. ವರ್ಷಕ್ಕೊಮ್ಮೆ ಆ ಪಾಠ ಬರುತ್ತದೆ. ಕಿವಿಯಿಲ್ಲದ ಬಾಯಿಗಳು ಒಂದೇ ದಾರಿಯನ್ನು ಹೇಗೆ ಹಂಚಿಕೊಳ್ಳುತ್ತವೆ ಎಂದು ಬೋರ್ಡಿನ ಮೇಲೆ ಬರೆದು ವಿವರಿಸುತ್ತೇನೆ. ಆ ಗಂಟೆ ನನ್ನ ಪಾಠ ಯಾವತ್ತಿಗಿಂತ ಚೆನ್ನಾಗಿರುತ್ತದಂತೆ.

ಬಿಳಿ ಕಿವಿಯ ಮರಿ ಬೆಳೆದು ತಾಯಿಯಾಗಿ, ಅದರ ಮರಿಗಳೂ ತಾಯಿಯಾಗಿವೆ. ಪಾಲಯ್ಯ ಅವನ್ನೆಲ್ಲ ಬೇರೆಯಾಗಿ ಗುರುತಿಟ್ಟು, ನಾನು ಹೋದಾಗ ಒಂದೊಂದನ್ನೇ ಹಿಡಿದು ತೋರಿಸುತ್ತಾನೆ. ಮದುವೆಯಿಂದ ವಾಪಸು ಬಂದ ಸಂಜೆ ಎಣ್ಣೆ ಮಿಲ್ಲಿನ ಬೀದಿಗೆ ಹೋಗಿದ್ದೆನೆಂದು ಪಮ್ಮಿಗೆ ಫೋನು ಮಾಡಿದೆ. ಪುಣೆಯಲ್ಲಿ ಅವಳದು ಈಗ ದೊಡ್ಡ ಹೆಸರು, ಹೊರದೇಶಕ್ಕೆಲ್ಲ ಹೋಗಿ ಮಾತಾಡಿ ಬರುತ್ತಾಳೆ. ಅವ್ವನ ಆರೋಗ್ಯ ಕೇಳಿದಳು, ಸರ್ ವಿಷಯ ಕೇಳಿದಳು. ಆಮೇಲೆ ದನಿ ತಗ್ಗಿಸಿ, ತುಂಬಾ ಮುದ್ದಾಗಿ ಕೇಳಿದಳು:

"ನಮ್ಮ ಕುರಿ ಹೆಂಗೈತೇ?"

"ಯಾರ ಕುರಿ?" ಎಂದೆ.



"ನಿನ್ನ ಕುರಿ ಕಣೇ," ಎಂದಳು ಪಮ್ಮಿ.

"ಚೆನ್ನಾಗೈತೆ," ಎಂದೆ.